ಮಾನಸದತ್ತ ಹಾರಿದ ಹಂಸಗಳ ಹಾಡು

ಸಿಂಧನೂರಿನಿಂದ ಮಸ್ಕಿಯ ಮೂಲಕ ಲಿಂಗಸುಗೂರಿಗೆ ಸಾಗುವ ಹೆದ್ದಾರಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ತಲುಪುವಲ್ಲೆಲ್ಲ ಭತ್ತದ ಗದ್ದೆಗಳು ಕಾಣಸಿಗುತ್ತವೆ. ನಾಟಿಗಾಗಿ ಗದ್ದೆಯನ್ನು ಹದ ಮಾಡುವ ದಿನಗಳಲ್ಲಿ ಟ್ರ್ಯಾಕ್ಟರಿನ ಹಿಂದೆ ಬೆಳ್ಳಕ್ಕಿಗಳ ಹಿಂಡು ಹೆಜ್ಜೆ ಹಾಕುತ್ತದೆ. ಸಂಜೆ ಇಳಿಯುತ್ತಲೇ ಅದೇ ಹಿಂಡು ಸಾಲುಗಟ್ಟಿ ಮೇಲೇರಿ, ರಾತ್ರಿಯ ತಂಗುದಾಣದತ್ತ ಹಾರಿಹೋಗುತ್ತದೆ.

ಈ ಮೂರು ಊರುಗಳ ಶಾಲೆಗಳ ಅಂಗಳದಲ್ಲಿ ಮುಂಜಾನೆ ಮಕ್ಕಳು ಸಾಲಾಗಿ ನಿಂತು ರಾಷ್ಟ್ರಗೀತೆಯನ್ನು ಒಕ್ಕೊರಲಿನಿಂದ ಹಾಡುತ್ತಾರೆ. ಸುಮಾರು 52 ಸೆಕೆಂಡುಗಳ ಆ ಹಾಡನ್ನು ಬರೆದು ಧಾಟಿ ಹಾಕಿದವರು ರವೀಂದ್ರನಾಥ ಟ್ಯಾಗೋರ್. ಅವರ ಮಾತೃಭಾಷೆಯಾದ ಬಂಗಾಲಿಯನ್ನು ಮನೆಯಲ್ಲಿ ಆಡುವ ಜನರೂ ಸಿಂಧನೂರಿನ ಸುತ್ತ ಇದ್ದಾರೆ. ಸ್ಥಳೀಯರು ಬಂಗಾಲಿ ಕ್ಯಾಂಪ್ ಎಂದು ಕರೆಯುವ ಪುನರ್ವಸತಿ ಶಿಬಿರಗಳಲ್ಲಿ ಅವರ ವಾಸ. ಪೂರ್ವ ಪಾಕಿಸ್ತಾನವನ್ನು ತೊರೆದು ಬಂದ ನಿರಾಶ್ರಿತ ಕುಟುಂಬಗಳಿಗೆ 1970ರ ಆಸುಪಾಸಿನಲ್ಲಿ ಇಲ್ಲಿ ನೆಲೆ ಕಲ್ಪಿಸಲಾಯಿತು.

ರವೀಂದ್ರರು ಸಿಂಧನೂರನ್ನು ಕಂಡವರಲ್ಲ. ಆದರೆ ಗೂಡಿನಿಂದ ದೂರವಾದ ಹಕ್ಕಿಗಳ ಹಾರಾಟವನ್ನು ಹಲವು ಕಂಠಗಳು ಕೂಡಿ ಹಾಡಬಲ್ಲ ಗೀತೆಯಾಗಿಸಿದ ಕವಿ ಅವರು. ನೀರಿನ ಮೇಲೆ ಹಾರುವ ಹಕ್ಕಿ ಮತ್ತು ಜನ ಕೂಡಿ ಹಾಡುವ ಹಾಡು, ಈ ಎರಡು ಎಳೆಗಳನ್ನು ಹಿಡಿದು ಅವರ ಬದುಕನ್ನು ನೋಡಿದರೆ, ವಿಶ್ವಕವಿ ಎಂಬ ಬಿರುದಿನ ಹಿಂದೆ ಮನೆಯನ್ನು ಅರಸುವ ಒಬ್ಬ ಮನುಷ್ಯ ಕಾಣಿಸುತ್ತಾನೆ.

ಕ್ರೌಂಚ ಪಕ್ಷಿಯಿಂದ ಆರಂಭ

ರವೀಂದ್ರರು ಹುಟ್ಟಿದ್ದು 1861ರ ಮೇ 7ರಂದು, ಕಲ್ಕತ್ತೆಯ ಜೋಡಾಸಾಂಕೋ ಎಂಬಲ್ಲಿನ ದೊಡ್ಡ ಮನೆಯಲ್ಲಿ. ತಂದೆ ದೇವೇಂದ್ರನಾಥರು ಬ್ರಹ್ಮ ಸಮಾಜದ ಪ್ರಮುಖರು, ತಾಯಿ ಶಾರದಾದೇವಿ. ಮಕ್ಕಳು ಅನೇಕರಿದ್ದ ಆ ತುಂಬಿದ ಮನೆಯಲ್ಲಿ ಬಾಲಕ ರವಿ ಬೆಳೆದದ್ದು ಹೆಚ್ಚಾಗಿ ಆಳುಕಾಳುಗಳ ನಿಗಾದಲ್ಲಿ. ಹೊರಗೆ ಅಡ್ಡಾಡುವ ಸ್ವಾತಂತ್ರ್ಯ ಇರಲಿಲ್ಲ. ಕಿಟಕಿಯಾಚೆ ಕಾಣುತ್ತಿದ್ದ ಕೊಳ, ಅದರಲ್ಲಿ ಈಜುತ್ತಿದ್ದ ಬಾತುಕೋಳಿಗಳು, ದಡದ ಆಲದ ಮರ ಇವೇ ಆತನ ಪ್ರಪಂಚವಾಗಿದ್ದವು. ಹದಿನಾಲ್ಕು ತುಂಬುವ ಮುನ್ನವೇ ತಾಯಿ ತೀರಿಕೊಂಡರು.

ಆ ಮನೆಯಲ್ಲಿ ಹಾಡು ಎಂಬುದು ಒಬ್ಬರ ಸೊತ್ತಾಗಿರಲಿಲ್ಲ. ಬ್ರಹ್ಮ ಸಮಾಜದ ಪ್ರಾರ್ಥನೆಗಳಲ್ಲಿ ಗೀತೆಗಳನ್ನು ಸಮೂಹವಾಗಿ ಹಾಡುವ ಪರಿಪಾಠವಿತ್ತು. ಪ್ರತಿವರ್ಷ ಮಾಘ ಮಾಸದ ಉತ್ಸವಕ್ಕೆ ಹೊಸ ಹಾಡುಗಳು ಸಿದ್ಧವಾಗುತ್ತಿದ್ದವು. ಅಣ್ಣ ಜ್ಯೋತಿರಿಂದ್ರನಾಥರು ಪಿಯಾನೋದ ಮೇಲೆ ಹೊಸ ಧಾಟಿಗಳನ್ನು ನುಡಿಸಿದರೆ, ತಮ್ಮ ಅವಕ್ಕೆ ಮಾತು ಜೋಡಿಸುತ್ತಿದ್ದ. 1878ರಲ್ಲಿ ಇಂಗ್ಲೆಂಡಿಗೆ ತೆರಳಿದ ರವೀಂದ್ರರು ಪದವಿಯಿಲ್ಲದೆ ಹಿಂದಿರುಗಿದರು. ಆದರೆ ಐರಿಶ್ ಮತ್ತು ಸ್ಕಾಟಿಷ್ ಜನಪದ ಧಾಟಿಗಳನ್ನು ಕಿವಿಯಲ್ಲಿ ತುಂಬಿಕೊಂಡು ಬಂದರು.

ಆ ಧಾಟಿಗಳಿಗೆ 1881ರಲ್ಲಿ ವಾಲ್ಮೀಕಿ ಪ್ರತಿಭಾ ಎಂಬ ಗೀತನಾಟಕದಲ್ಲಿ ನೆಲೆ ದೊರಕಿತು. ಅದರ ವಸ್ತು ಕನ್ನಡಿಗರಿಗೂ ಚಿರಪರಿಚಿತ. ಬೇಡನ ಬಾಣಕ್ಕೆ ಜೋಡಿ ಕ್ರೌಂಚಗಳಲ್ಲಿ ಒಂದು ಬಲಿಯಾದಾಗ ವಾಲ್ಮೀಕಿಯ ಶೋಕವೇ ಶ್ಲೋಕವಾದ ಕಥೆ ಅದು. ದರೋಡೆಕೋರರ ಗುಂಪು, ವನದೇವತೆಯರ ಗುಂಪು ಮೇಳದಲ್ಲಿ ಹಾಡುವ ಆ ನಾಟಕದಲ್ಲಿ ಇಪ್ಪತ್ತರ ಹರೆಯದ ರವೀಂದ್ರರೇ ವಾಲ್ಮೀಕಿಯ ಪಾತ್ರ ವಹಿಸಿದರು. ಗುಂಪು ಗಾಯನ ಮತ್ತು ಹಕ್ಕಿ ಅವರ ಕೃತಿಯಲ್ಲಿ ಜೊತೆಗೂಡಿದ ಆರಂಭದ ಸಂದರ್ಭಗಳಲ್ಲಿ ಇದೂ ಒಂದು. ಇಲ್ಲಿ ಹಕ್ಕಿ ಹಾರುತ್ತಿಲ್ಲ, ಬಿದ್ದಿದೆ. ಹಾರಾಟ ಇನ್ನೂ ಮುಂದಿತ್ತು.

ಕಾರವಾರದ ಕಡಲತೀರ

ಅಣ್ಣಂದಿರಲ್ಲಿ ಒಬ್ಬರಾದ ಸತ್ಯೇಂದ್ರನಾಥರು ಐಸಿಎಸ್ ಸೇರಿದ ಮೊದಲ ಭಾರತೀಯ. ಅವರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ ರವೀಂದ್ರರು ಅಲ್ಲಿಗೆ ಬಂದು ತಂಗಿದರು. ಅರ್ಧಚಂದ್ರಾಕಾರದ ಮರಳ ತೀರ, ಗಾಳಿಮರದ ತೋಪು, ಕಡಲು ಸೇರುವ ಕಾಳಿ ನದಿ ಅವರ ಮನಸ್ಸಿನಲ್ಲಿ ಅಚ್ಚೊತ್ತಿ ಉಳಿದವು. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿಯ ಹರಿವಿಗೆ ಎದುರಾಗಿ ಸಾಗಿ, ಬೆಟ್ಟದ ಮೇಲಿನ ಹಳೆಯ ಕೋಟೆಯ ಬುಡದಲ್ಲಿ ಇಳಿದು, ಹಿಂದಿರುಗುವಾಗ ಅಳಿವೆಯ ಬಳಿಯಿಂದ ಮರಳಿನ ಮೇಲೆ ನಡೆದು ಮನೆ ಸೇರಿದ ಅನುಭವವನ್ನು ಸುಮಾರು ಮೂರು ದಶಕಗಳ ಬಳಿಕ ತಮ್ಮ ಆತ್ಮಕಥನದಲ್ಲಿ ಅವರು ಸವಿವರವಾಗಿ ನೆನೆದಿದ್ದಾರೆ.

ಕಾರವಾರದಲ್ಲಿ ಅವರು ಬರೆದದ್ದು ಪ್ರಕೃತಿರ್ ಪ್ರತಿಶೋಧ್ ಎಂಬ ನಾಟಕ. ಎಲ್ಲ ನಂಟುಗಳನ್ನೂ ಕಡಿದುಕೊಂಡು ಅನಂತವನ್ನು ಅರಸುವ ಸನ್ಯಾಸಿಯೊಬ್ಬನನ್ನು ಅನಾಥ ಬಾಲಕಿಯೊಬ್ಬಳ ಮಮತೆ ಮತ್ತೆ ಲೋಕಕ್ಕೆ ಎಳೆದು ತರುವುದು ಅದರ ಕಥೆ. ಸೀಮಿತವಾದುದರ ಒಳಗೇ ಅಸೀಮವನ್ನು ಕಾಣುವ ಹಂಬಲ ತಮ್ಮ ಮುಂದಿನ ಬರವಣಿಗೆಗೆಲ್ಲ ಮುನ್ನುಡಿಯಾಯಿತೆಂದು ಕವಿಯೇ ಭಾವಿಸಿದ್ದರು. ದಿಗಂತದ ಸೆಳೆತ ಒಂದೆಡೆ, ಮನೆಯ ಸೆಳೆತ ಮತ್ತೊಂದೆಡೆ. ಹಾರುವ ಹಕ್ಕಿಯ ಚಿತ್ರದಲ್ಲಿ ಮುಂದೆ ಈ ಎರಡೂ ಒಂದಾಗಲಿದ್ದವು. ಕಾರವಾರದ ಕಡಲತೀರಕ್ಕೆ ಈಗ ರವೀಂದ್ರನಾಥ ಟ್ಯಾಗೋರ್ ಅವರ ಹೆಸರಿದೆ.

ಅದೇ ವರ್ಷದ ಡಿಸೆಂಬರಿನಲ್ಲಿ ಮೃಣಾಲಿನೀದೇವಿಯವರೊಂದಿಗೆ ವಿವಾಹವಾಯಿತು. ಕೆಲವೇ ತಿಂಗಳುಗಳಲ್ಲಿ, 1884ರ ಏಪ್ರಿಲ್‌ನಲ್ಲಿ, ಬಾಲ್ಯದ ಒಡನಾಡಿಯೂ ಕವಿತೆಗಳ ಮೊದಲ ಓದುಗರೂ ಆಗಿದ್ದ ಅತ್ತಿಗೆ ಕಾದಂಬರೀದೇವಿ ಪ್ರಾಣ ಕಳೆದುಕೊಂಡರು. ಆ ಆಘಾತದ ನೆರಳು ಅವರ ಬರಹದಿಂದ ಎಂದೂ ಪೂರ್ತಿ ಸರಿಯಲಿಲ್ಲ.

ಪದ್ಮಾ ನದಿಯ ಮನೆದೋಣಿ

ಕುಟುಂಬದ ಜಮೀನುದಾರಿಯ ಮೇಲ್ವಿಚಾರಣೆ 1890ರ ಸುಮಾರಿಗೆ ರವೀಂದ್ರರ ಹೆಗಲೇರಿತು. ಶಿಲಾಯಿದಹ, ಶಹಜಾದ್‌ಪುರ, ಪತಿಸರ ಎಂಬ ಊರುಗಳ ಸುತ್ತ ಹಬ್ಬಿದ್ದ ಆ ಜಮೀನುಗಳೆಲ್ಲ ಇಂದಿನ ಬಾಂಗ್ಲಾದೇಶದಲ್ಲಿವೆ. ಅಲ್ಲಿ ಅವರು ಹೆಚ್ಚಿನ ಕಾಲ ಕಳೆದದ್ದು ಪದ್ಮಾ ಎಂದೇ ಹೆಸರಿಟ್ಟಿದ್ದ ಮನೆದೋಣಿಯಲ್ಲಿ. ಆಚೆ ದಡ ಕಾಣದಷ್ಟು ವಿಶಾಲವಾದ ನದಿ, ನೀರು ಇಳಿದಾಗ ಏಳುವ ಮರಳ ದಿಬ್ಬ, ಅಲ್ಲಿ ಬಂದಿಳಿಯುವ ನೀರಹಕ್ಕಿಗಳು, ಸಂಜೆಯ ಮೌನ ಇವು ಸೋದರನ ಮಗಳು ಇಂದಿರಾದೇವಿಗೆ ಬರೆದ ಪತ್ರಗಳಲ್ಲಿ ತುಂಬಿಕೊಂಡಿವೆ. ರೈತರ ಬಡತನವನ್ನೂ, ಸಾಲದ ಬವಣೆಯನ್ನೂ ಅವರು ಹತ್ತಿರದಿಂದ ಕಂಡದ್ದು ಅಲ್ಲಿಯೇ.

ಆ ಸೀಮೆಯಲ್ಲಿಯೇ ಬಾವುಲರ ಹಾಡು ಅವರ ಕಿವಿಗೆ ಬಿತ್ತು. ಏಕತಾರಿ ಹಿಡಿದು ಊರೂರು ಅಲೆಯುವ ಬಾವುಲರಿಗೂ ರಾಯಚೂರು, ಕಲಬುರಗಿ ಸೀಮೆಯ ತತ್ವಪದಕಾರರಿಗೂ ಬಹಳ ಸಾಮ್ಯವಿದೆ. ಇಬ್ಬರಿಗೂ ದೇಹವೇ ದೇಗುಲ, ಇಬ್ಬರಿಗೂ ಜಾತಿಮತಗಳ ಗೋಡೆ ಹೊರೆ. ಶಿಲಾಯಿದಹದ ಸಮೀಪವೇ ಬಾಳಿ 1890ರಲ್ಲಿ ತೀರಿಕೊಂಡ ಲಾಲನ್ ಫಕೀರರು ಆತ್ಮವನ್ನು ಪಂಜರದಲ್ಲಿ ಬಂದುಹೋಗುವ ಗುರುತರಿಯದ ಹಕ್ಕಿಯೆಂದು ಹಾಡಿದ್ದರು. ಆ ಹಕ್ಕಿ ರವೀಂದ್ರರನ್ನು ಬಿಡದೆ ಕಾಡಿತು. ಅವರ ಗೋರಾ ಕಾದಂಬರಿಯ ಆರಂಭದಲ್ಲಿ ಕಲ್ಕತ್ತೆಯ ಬೀದಿಯಲ್ಲಿ ಒಬ್ಬ ಬಾವುಲ ಹಾಡುತ್ತ ಹೋಗುವುದು ಅದೇ ಹಕ್ಕಿಯ ಹಾಡನ್ನು.

ಶಿಲಾಯಿದಹದ ಅಂಚೆಪೇದೆಯಾಗಿದ್ದ ಗಗನ್ ಹರಕರಾ ಕೂಡ ಅಂಥ ಹಾಡುಗಾರ. ಆತನ ಹಾಡೊಂದರ ಧಾಟಿಯೇ ಅಮಾರ್ ಸೋನಾರ್ ಬಾಂಗ್ಲಾ ಎಂಬ ಗೀತೆಗೆ ಆಧಾರವಾಯಿತು. ಅಂಚೆಪೇದೆಯ ಧಾಟಿ ಮುಂದೊಂದು ದಿನ ಒಂದು ರಾಷ್ಟ್ರದ ಗೀತೆಯಾಗುವುದೆಂದು ಆಗ ಯಾರೂ ಎಣಿಸಿರಲಾರರು.

ಬೀದಿಗಿಳಿದ ಹಾಡು

1905ರ ಅಕ್ಟೋಬರ್ 16ರಂದು ಲಾರ್ಡ್ ಕರ್ಜನ್ ಸರಕಾರ ಬಂಗಾಲವನ್ನು ಎರಡಾಗಿ ಒಡೆಯಿತು. ಆ ದಿನ ರವೀಂದ್ರರು ಕಲ್ಕತ್ತೆಯ ಬೀದಿಗಳಲ್ಲಿ ಮೆರವಣಿಗೆಯ ಮುಂಚೂಣಿಯಲ್ಲಿ ನಡೆದರು. ಬಂಗಾಲದ ಮಣ್ಣು, ನೀರು, ಗಾಳಿ, ಫಲ ಪುನೀತವಾಗಲೆಂದು ಹಾರೈಸುವ ಹಾಡನ್ನು ಜನಸಮೂಹ ಹಾಡುತ್ತ ಸಾಗಿತು. ಹಿಂದೂ ಮುಸ್ಲಿಮರೆನ್ನದೆ ಪರಸ್ಪರ ರಾಖಿ ಕಟ್ಟಲಾಯಿತು. ಅಮಾರ್ ಸೋನಾರ್ ಬಾಂಗ್ಲಾ ಹೊರಬಂದದ್ದೂ ಅದೇ ವರ್ಷ. ವೇದಿಕೆಯ ಗಾಯಕನಿಗಾಗಿ ಅಲ್ಲದೆ, ನಡೆಯುವ ಜನಕ್ಕಾಗಿ ಹಾಡು ಕಟ್ಟುವುದನ್ನು ಸ್ವದೇಶಿ ಚಳವಳಿ ಅವರಿಗೆ ಕಲಿಸಿತು. ಚಳವಳಿ ಮುಂದೆ ಹಿಂಸೆಗೂ ಕೋಮುದ್ವೇಷಕ್ಕೂ ಎಡೆಗೊಟ್ಟಾಗ ಅವರು ಅದರಿಂದ ದೂರ ಸರಿದರು. ಅದಕ್ಕಾಗಿ ಸ್ವಜನರ ಟೀಕೆಯನ್ನೂ ಎದುರಿಸಿದರು.

ಅದಕ್ಕೂ ಮೊದಲೇ, 1901ರ ಡಿಸೆಂಬರಿನಲ್ಲಿ, ತಂದೆಯವರು ಧ್ಯಾನಕ್ಕಾಗಿ ಸ್ಥಾಪಿಸಿದ್ದ ಶಾಂತಿನಿಕೇತನದಲ್ಲಿ ಬೆರಳೆಣಿಕೆಯ ಮಕ್ಕಳೊಂದಿಗೆ ಅವರು ಶಾಲೆ ತೆರೆದಿದ್ದರು. ಮರದ ನೆರಳೇ ತರಗತಿ. ಹಾಡು ಅಲ್ಲಿನ ದಿನಚರಿಯ ಭಾಗವಾಗಿತ್ತು. ವಿದ್ಯಾರ್ಥಿಗಳು ಗುಂಪುಗೂಡಿ ಹಾಡುತ್ತ ಆಶ್ರಮವನ್ನು ಸುತ್ತುವ ವೈತಾಲಿಕ ಎಂಬ ಪದ್ಧತಿ ಅಲ್ಲಿ ಬೇರೂರಿತು. ಮಳೆಗಾಲಕ್ಕೆ, ವಸಂತಕ್ಕೆ, ಗಿಡ ನೆಡುವುದಕ್ಕೆ, ನೇಗಿಲು ಹೂಡುವುದಕ್ಕೆ ಒಂದೊಂದು ಉತ್ಸವ, ಆ ಉತ್ಸವಕ್ಕೆ ತಕ್ಕ ಸಮೂಹಗಾನ. ಸ್ವತಃ ಕಟ್ಟಿದ ಧಾಟಿಯನ್ನು ರವೀಂದ್ರರು ಮರೆತುಬಿಡುವುದಿತ್ತು. ಸೋದರ ಸಂಬಂಧದಲ್ಲಿ ಮೊಮ್ಮಗನಾಗಿದ್ದ ದಿನೇಂದ್ರನಾಥರು ಧಾಟಿ ಹುಟ್ಟಿದ ಕೂಡಲೇ ಅದನ್ನು ಕಲಿತು, ಸ್ವರಲಿಪಿಯಲ್ಲಿ ಬರೆದಿಟ್ಟು, ಮಕ್ಕಳಿಗೆ ಕಲಿಸುತ್ತಿದ್ದರು. ಎರಡು ಸಾವಿರಕ್ಕೂ ಮಿಕ್ಕಿದ ಹಾಡುಗಳಲ್ಲಿ ಎಷ್ಟೋ ಧಾಟಿಗಳು ಉಳಿದು ಬಂದದ್ದು ಈ ಕಾರಣದಿಂದ.

ಪಾಶ್ಚಾತ್ಯ ಮೇಳಗಾನದಲ್ಲಿ ಒಂದೊಂದು ಧ್ವನಿವರ್ಗಕ್ಕೂ ಬೇರೆ ಬೇರೆ ಸ್ವರಗಳು ಹಂಚಿಕೆಯಾಗಿ, ಅವು ಒಂದರ ಮೇಲೊಂದು ಕುಳಿತು ನಾದದ ಕಟ್ಟಡವಾಗುತ್ತದೆ. ರವೀಂದ್ರ ಸಂಗೀತದ ಸಮೂಹಗಾನ ಬಹುಮಟ್ಟಿಗೆ ಹಾಗಲ್ಲ. ಎಲ್ಲರೂ ಹಾಡುವುದು ಒಂದೇ ಧಾಟಿ. ದ್ರುಪದದಿಂದ ಬಂದ ಸ್ಥಾಯಿ, ಅಂತರಾ, ಸಂಚಾರಿ, ಆಭೋಗ ಎಂಬ ನಾಲ್ಕು ಭಾಗಗಳ ಮೂಲಕ ಹಾಡು ಮೇಲೇರಿ, ಸುಳಿದಾಡಿ, ಮತ್ತೆ ಮೊದಲ ಸಾಲಿನ ನೆಲೆಗೆ ಮರಳುತ್ತದೆ. ಒಬ್ಬನ ಉಸಿರು ಕಡಿದಲ್ಲಿ ಮತ್ತೊಬ್ಬನ ಉಸಿರು ಹಾಡನ್ನು ಹೊತ್ತು ಸಾಗಿಸುತ್ತದೆ. ಬಾಣದ ಮೊನೆಯಂತೆ ಸಾಲುಗಟ್ಟಿ ಹಾರುವ ಹೆಬ್ಬಾತುಗಳ ರೀತಿಯೂ ಇದೇ. ಮುಂದಿನ ಹಕ್ಕಿಯ ರೆಕ್ಕೆಯಿಂದ ಏಳುವ ಗಾಳಿ ಹಿಂದಿನದಕ್ಕೆ ಆಸರೆಯಾಗುತ್ತದೆ; ಮುಂದಿನದು ದಣಿದಾಗ ಹಿಂದೆ ಸರಿಯುತ್ತದೆ, ಇನ್ನೊಂದು ಆ ಜಾಗಕ್ಕೆ ಬರುತ್ತದೆ.

ಗೀತಾಂಜಲಿಯ ಕೊನೆಯ ಹಕ್ಕಿಗಳು

ಶಾಂತಿನಿಕೇತನದ ಆ ಮೊದಲ ವರ್ಷಗಳು ಸಾವಿನ ಮೇಲೆ ಸಾವು ಕಂಡ ವರ್ಷಗಳೂ ಹೌದು. 1902ರಲ್ಲಿ ಪತ್ನಿ, 1903ರಲ್ಲಿ ಮಗಳು ರೇಣುಕಾ, 1905ರಲ್ಲಿ ತಂದೆ, 1907ರಲ್ಲಿ ಕಿರಿಯ ಮಗ ಶಮೀಂದ್ರ ತೀರಿಕೊಂಡರು. ಈ ಶೋಕದ ನೆಲದಲ್ಲಿ ಬೆಳೆದದ್ದು 1910ರಲ್ಲಿ ಪ್ರಕಟವಾದ ಬಂಗಾಲಿ ಗೀತಾಂಜಲಿ.

ಆ ಸಂಕಲನದ ಕೊನೆಯ ಭಾಗದಲ್ಲಿ ಒಂದೇ ನಮಸ್ಕಾರವನ್ನು ಕುರಿತ ಹಾಡೊಂದಿದೆ. ಅದು ನಾಲ್ಕು ಚಿತ್ರಗಳ ಮೂಲಕ ಮುಂದುವರಿಯುತ್ತದೆ. ಮೊದಲು, ಇಂದ್ರಿಯಗಳೆಲ್ಲ ಚಾಚಿ ದೇವರ ಪಾದದಲ್ಲಿ ಈ ಜಗತ್ತನ್ನು ಮುಟ್ಟಲಿ ಎಂಬ ಬೇಡಿಕೆ. ಎರಡನೆಯದು, ಸುರಿಯದ ಮಳೆಯ ಭಾರಕ್ಕೆ ತಗ್ಗಿ ಬಾಗಿದ ಶ್ರಾವಣದ ಮೋಡ. ಮೂರನೆಯದು, ಹಲವು ಧಾಟಿಗಳು ಒಂದೇ ಹರಿವಾಗಿ ಕೂಡಿ ಮೌನದ ಕಡಲನ್ನು ಸೇರುವುದು. ಕೊನೆಯದು, ಹಗಲಿರುಳೆನ್ನದೆ ಮಾನಸ ಸರೋವರದತ್ತ ಹಾರುವ ಹಂಸಗಳು. ಹಾಗೆಯೇ ಇಡೀ ಬದುಕು ತನ್ನ ಶಾಶ್ವತ ನೆಲೆಯತ್ತ ಪಯಣಿಸಲಿ ಎಂಬಲ್ಲಿ ಹಾಡು ನಿಲ್ಲುತ್ತದೆ.

ಈ ಹಾಡನ್ನು ಒಬ್ಬರೇ ಹಾಡುವುದುಂಟು, ಸಮೂಹವಾಗಿಯೂ ಹಾಡುವುದುಂಟು. ಸಮೂಹದಲ್ಲಿ ಕೇಳಿದಾಗ ಅದರ ಅರ್ಥ ಇನ್ನಷ್ಟು ನಿಚ್ಚಳವಾಗುತ್ತದೆ. ಹಲವು ಧಾಟಿಗಳು ಕೂಡುವ ಹರಿವು, ಒಟ್ಟಾಗಿ ಹಾರುವ ಹಂಸಗಳು, ಇವು ಹಾಡಿನೊಳಗಿನ ಚಿತ್ರಗಳಷ್ಟೇ ಅಲ್ಲ, ಹಾಡುತ್ತಿರುವ ಗುಂಪಿನ ಚಿತ್ರಗಳೂ ಆಗುತ್ತವೆ. 1912ರಲ್ಲಿ ಕವಿಯೇ ಇಂಗ್ಲಿಷಿಗೆ ತಂದ ಗೀತಾಂಜಲಿಯಲ್ಲಿ ಇದು 103ನೆಯದು, ಎಂದರೆ ಇಡೀ ಪುಸ್ತಕದ ಕೊನೆಯ ರಚನೆ. ಅಲ್ಲಿ ಹಂಸಗಳು ಮನೆಯ ಹಂಬಲ ಹೊತ್ತ ಕ್ರೌಂಚಗಳಾಗಿ, ಮಾನಸ ಸರೋವರ ಬೆಟ್ಟದ ಗೂಡಾಗಿ ಮಾರ್ಪಟ್ಟಿತು. ಕಾಳಿದಾಸನ ಮೇಘದೂತವನ್ನು ಅರಿಯದ ಓದುಗರಿಗೆ ಮಾನಸ ಎಂಬ ಹೆಸರು ಏನನ್ನೂ ಹೇಳದು, ಆದರೆ ಗೂಡಿನ ಹಂಬಲ ಎಲ್ಲರಿಗೂ ತಿಳಿದೀತು. ಮರುವರ್ಷ, 1913ರಲ್ಲಿ, ಅವರಿಗೆ ಸಾಹಿತ್ಯದ ನೊಬೆಲ್ ಪ್ರಶಸ್ತಿ ಸಂದಿತು.

ಝೇಲಂ ನದಿಯ ಮೇಲಿನ ರೆಕ್ಕೆಯ ಸದ್ದು

ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅವರು ಮಸ್ಕಿಯಲ್ಲಿ ಅಶೋಕನ ಹೆಸರನ್ನು ನೇರವಾಗಿ ಹೇಳುವ ಶಾಸನವನ್ನು ಪತ್ತೆ ಮಾಡಿದ್ದು 1915ರಲ್ಲಿ. ಅದೇ ವರ್ಷದ ಶರತ್ಕಾಲದಲ್ಲಿ ರವೀಂದ್ರರು ಶ್ರೀನಗರದಲ್ಲಿ ಝೇಲಂ ನದಿಯ ಮನೆದೋಣಿಯಲ್ಲಿದ್ದರು. ಯೂರೋಪಿನಲ್ಲಿ ಮೊದಲ ಮಹಾಯುದ್ಧ ಭುಗಿಲೆದ್ದಿತ್ತು. ಒಂದು ಸಂಜೆ ನದಿಯ ನೀರು ಕಪ್ಪಾಗುತ್ತಿದ್ದ ಹೊತ್ತಿನಲ್ಲಿ, ತಲೆಯ ಮೇಲೆ ಕಾಡುಹಂಸಗಳ ಹಿಂಡೊಂದು ಮೌನವನ್ನು ಸೀಳಿಕೊಂಡು ಹಾರಿಹೋಯಿತು.

ಆ ಕ್ಷಣದಿಂದ ಬಲಾಕಾ ಎಂಬ ಕವಿತೆ ಹುಟ್ಟಿತು. 1916ರಲ್ಲಿ ಪ್ರಕಟವಾದ ಸಂಕಲನಕ್ಕೂ ಅದೇ ಹೆಸರಾಯಿತು. ಕವಿಗೆ ಆ ರೆಕ್ಕೆಯ ಸದ್ದಿನಲ್ಲಿ ಕೇಳಿಸಿದ್ದು ಹಕ್ಕಿಗಳ ವೇಗ ಮಾತ್ರವಲ್ಲ. ನಿಶ್ಚಲವಾಗಿ ನಿಂತ ಬೆಟ್ಟಕ್ಕೂ, ಸಾಲುಮರಗಳಿಗೂ, ಮಣ್ಣಿನಡಿಯ ಬೀಜಕ್ಕೂ ಹಾರುವ ಬಯಕೆಯಿದೆ ಎಂಬುದು ಅವರಿಗೆ ಹೊಳೆಯಿತು. ಗೀತಾಂಜಲಿಯ ಹಂಸಗಳಿಗೆ ತಲುಪಬೇಕಾದ ನೆಲೆ ಗೊತ್ತಿತ್ತು. ಬಲಾಕಾದ ಹಂಸಗಳಿಗೆ ಹೊರಡುವುದೇ ಗುರಿ. ಸಮ ಅಳತೆಯ ಸಾಲುಗಳನ್ನು ಬಿಟ್ಟು, ಉದ್ದ ಗಿಡ್ಡ ಸಾಲುಗಳಲ್ಲಿ ಓಡುವ ಹೊಸ ಛಂದಸ್ಸನ್ನು ಈ ಸಂಕಲನದಲ್ಲಿ ಅವರು ಪಳಗಿಸಿದರು. ತುಂಗೆಯ ಮೇಲೆ ಹಾರಿದ ಬೆಳ್ಳಕ್ಕಿ ಸಾಲನ್ನು ದೇವರ ರುಜುವಾಗಿ ಕಂಡ ಕುವೆಂಪು ಅವರನ್ನು ಓದಿರುವ ಕನ್ನಡಿಗರಿಗೆ ಈ ದರ್ಶನ ಹೊಸದೆನಿಸದು. ಆದರೆ ಕುವೆಂಪು ಅವರ ಹಕ್ಕಿಸಾಲು ಮನಸ್ಸನ್ನು ಶಾಂತಗೊಳಿಸಿದರೆ, ರವೀಂದ್ರರದು ಕದಡುತ್ತದೆ.

ಅವರ ಕವಿತೆ ಪಶ್ಚಿಮದ ಮೇಳಗಾನಕ್ಕೂ ಸ್ಫೂರ್ತಿಯಾಯಿತು. 1921ರಲ್ಲಿ ಪ್ರಾಗ್ ನಗರದಲ್ಲಿ ಅವರ ಉಪನ್ಯಾಸ ಕೇಳಿದ ಝೆಕ್ ಸಂಗೀತಕಾರ ಲಿಯೋಷ್ ಯಾನಾಚೆಕ್, ಸ್ಪರ್ಶಮಣಿಯನ್ನು ಹುಡುಕುತ್ತ ಅಲೆಯುವ ಹುಚ್ಚನ ಕುರಿತ ರವೀಂದ್ರರ ಕವಿತೆಯನ್ನು ಮರುವರ್ಷ ಪುರುಷರ ಮೇಳಕ್ಕೆ ಅಳವಡಿಸಿದರು.

ಕನ್ನಡ ನಾಡಿನ ನಂಟು

ಜನಗಣಮನ ಮೊದಲ ಬಾರಿಗೆ ಸಾರ್ವಜನಿಕವಾಗಿ ಕೇಳಿಬಂದದ್ದು 1911ರ ಡಿಸೆಂಬರ್ 27ರಂದು, ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ, ಅದೂ ಸಮೂಹಗಾನವಾಗಿಯೇ. 1919ರ ಫೆಬ್ರುವರಿಯಲ್ಲಿ ರವೀಂದ್ರರು ಕರ್ನಾಟಕದ ಗಡಿಗೆ ಸಮೀಪದ ಮದನಪಲ್ಲಿಯ ಕಾಲೇಜಿನಲ್ಲಿ ತಂಗಿದ್ದಾಗ ಅದನ್ನು ಇಂಗ್ಲಿಷಿಗೆ ಅನುವಾದಿಸಿದರು. ಅಲ್ಲಿದ್ದ ಮಾರ್ಗರೆಟ್ ಕಸಿನ್ಸ್ ಅವರು ಧಾಟಿಯನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ದಾಖಲಿಸಿದರು. ಅದೇ ವರ್ಷ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡವನ್ನು ಪ್ರತಿಭಟಿಸಿ ಕವಿ ಸರ್ ಪದವಿಯನ್ನು ತ್ಯಜಿಸಿದರು.

ಕನ್ನಡ ನಾಡು ಅವರಿಗೆ ಧಾಟಿಗಳನ್ನೂ ಕೊಟ್ಟಿತು. ಸೋದರಿಯ ಮಗಳು ಸರಳಾದೇವಿ ಮೈಸೂರಿನ ಮಹಾರಾಣಿ ಶಾಲೆಯಲ್ಲಿ ಕೆಲಕಾಲ ಶಿಕ್ಷಕಿಯಾಗಿದ್ದರು. ಅಲ್ಲಿ ಕೇಳಿ ಕಲಿತ ಧಾಟಿಗಳನ್ನು ಅವರು ಸೋದರಮಾವನಿಗೆ ಒಪ್ಪಿಸಿದರು. ಬ್ರಹ್ಮ ಸಮಾಜದ ಉಪಾಸನೆಗಳಲ್ಲಿ ಇಂದಿಗೂ ಹಾಡುವ ಆನಂದಲೋಕೇ ಮಂಗಳಾಲೋಕೇ ಎಂಬ ಗೀತೆಯ ಧಾಟಿ ಮೈಸೂರಿನ ಭಜನೆಯೊಂದರದು. 1928ರಲ್ಲಿ ರವೀಂದ್ರರು ಬೆಂಗಳೂರಿನ ಬಾಲಬ್ರೂಯಿ ಭವನದಲ್ಲಿ, ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಬ್ರಜೇಂದ್ರನಾಥ ಸೀಲ್ ಅವರ ಆತಿಥ್ಯದಲ್ಲಿ ತಂಗಿದ್ದರು. ಶೇಷೇರ್ ಕವಿತಾ ಕಾದಂಬರಿಯ ಬರವಣಿಗೆ ನಡೆದದ್ದು ಆ ದಿನಗಳಲ್ಲಿ.

ಮುಂದಿದ್ದ ಶಾಂತಿಸಾಗರ

ಕೊನೆಯ ವರ್ಷಗಳಲ್ಲಿ ದೇಹ ಸೊರಗಿತು. ಎರಡನೆಯ ಮಹಾಯುದ್ಧ ಅವರ ನಂಬಿಕೆಗಳನ್ನು ಅಲುಗಾಡಿಸಿತು. 1939ರಲ್ಲಿ, ತಮ್ಮ ಡಾಕ್‌ಘರ್ ನಾಟಕದ ಪ್ರದರ್ಶನಕ್ಕೆಂದು ಅವರೊಂದು ಹಾಡು ಬರೆದಿದ್ದರು. ಮುಂದೆ ಹಬ್ಬಿರುವ ಶಾಂತಿಯ ಕಡಲಿಗೆ ದೋಣಿಯನ್ನು ಇಳಿಸುವಂತೆ ಅಂಬಿಗನನ್ನು ಕೇಳುವ ಹಾಡು ಅದು. ಪ್ರದರ್ಶನ ನಡೆಯಲಿಲ್ಲ. ತಾವು ತೀರಿಕೊಂಡಾಗ ಅದನ್ನು ಹಾಡಬೇಕೆಂಬುದು ಕವಿಯ ಇಚ್ಛೆಯಾಗಿತ್ತು. 1941ರ ಆಗಸ್ಟ್ 7ರಂದು, ಹುಟ್ಟಿದ ಜೋಡಾಸಾಂಕೋ ಮನೆಯಲ್ಲಿಯೇ, ಎಂಬತ್ತರ ಪ್ರಾಯದಲ್ಲಿ ಅವರು ಕೊನೆಯುಸಿರೆಳೆದರು. ಶಾಂತಿನಿಕೇತನದಲ್ಲಿ ಆ ಹಾಡು ಮೊಳಗಿತು.

ಆರು ವರ್ಷಗಳ ನಂತರ ದೇಶ ಇಬ್ಭಾಗವಾಯಿತು. 1905ರಲ್ಲಿ ಅವರು ಯಾವ ಒಡಕಿನ ವಿರುದ್ಧ ಬೀದಿಯಲ್ಲಿ ಹಾಡಿದ್ದರೋ, ಅದಕ್ಕಿಂತ ಆಳವಾದ ಗಡಿರೇಖೆ 1947ರಲ್ಲಿ ಬಂಗಾಲವನ್ನು ಸೀಳಿತು. ಪದ್ಮಾ ನದಿ, ಶಿಲಾಯಿದಹ, ಬಾವುಲರ ಹಾದಿಗಳೆಲ್ಲ ಆಚೆಗೆ ಉಳಿದವು. ಅವರ ಹಾಡುಗಳು ಪಾಕಿಸ್ತಾನದ ಸಂಸ್ಕೃತಿಗೆ ಹೊಂದುವಂಥವಲ್ಲವೆಂದು ಅಲ್ಲಿನ ಸರಕಾರ 1967ರಲ್ಲಿ ಬಾನುಲಿಯಿಂದ ದೂರವಿರಿಸಲು ಮುಂದಾಯಿತು. ಢಾಕಾದ ಕಲಾವಿದರು, ಬರಹಗಾರರು ಅದನ್ನು ಪ್ರತಿಭಟಿಸಿದರು. ನಾಲ್ಕು ವರ್ಷಗಳಲ್ಲಿ ಬಾಂಗ್ಲಾದೇಶ ಉದಯಿಸಿದಾಗ, ಅಂಚೆಪೇದೆಯ ಧಾಟಿಯ ಆ ಹಾಡಿನ ಮೊದಲ ಹತ್ತು ಸಾಲುಗಳು ಅದರ ರಾಷ್ಟ್ರಗೀತೆಯಾದವು. ಅದಕ್ಕೂ ಮುನ್ನ 1950ರ ಜನವರಿ 24ರಂದು ಜನಗಣಮನದ ಮೊದಲ ಚರಣವನ್ನು ಭಾರತ ರಾಷ್ಟ್ರಗೀತೆಯಾಗಿ ಅಂಗೀಕರಿಸಿತ್ತು.

ಗೂಡು ಬಿಟ್ಟವರ ನೆಲದಲ್ಲಿ

ಈ ಎರಡು ಗೀತೆಗಳ ನಡುವಿನ ದಾರಿಯನ್ನು ಕಾಲ್ನಡಿಗೆಯಲ್ಲಿ, ರೈಲಿನಲ್ಲಿ, ಶಿಬಿರದಿಂದ ಶಿಬಿರಕ್ಕೆ ಸವೆಸಿದವರಲ್ಲಿ ಸಿಂಧನೂರಿನ ಬಂಗಾಲಿ ಕುಟುಂಬಗಳೂ ಸೇರಿವೆ. ನದಿಗಳ ನಾಡಿನಿಂದ ಬಂದವರಿಗೆ ಕಪ್ಪುಮಣ್ಣಿನ ಬಿಸಿಲುಸೀಮೆ ದೊರೆಯಿತು. ಕಾಲುವೆಯ ನೀರಿನಲ್ಲಿ ಅವರೂ ಬೇಸಾಯಕ್ಕೆ ಇಳಿದರು, ದುರ್ಗಾಪೂಜೆಯನ್ನು ಕೈಬಿಡಲಿಲ್ಲ. ಮಕ್ಕಳು ಕನ್ನಡ ಕಲಿತರು. ಆದರೂ ಅವರಲ್ಲಿ ಕೆಲವರಿಗೆ ಪೌರತ್ವ ತಿದ್ದುಪಡಿ ಕಾಯ್ದೆಯಡಿ ಭಾರತದ ಪೌರರೆಂಬ ಪ್ರಮಾಣಪತ್ರ ಕೈಸೇರಿದ್ದು 2024ರಲ್ಲಿ. ಗೂಡು ಸಿಕ್ಕರೂ ಅದು ತನ್ನದೆಂದು ಕಾಗದ ಹೇಳುವವರೆಗೆ ಹಾರಾಟ ಮುಗಿಯುವುದಿಲ್ಲ ಎಂಬುದನ್ನು ಅವರಷ್ಟು ಬಲ್ಲವರು ವಿರಳ.

ಪ್ರತಿ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಗದಗ ಜಿಲ್ಲೆಯ ಮಾಗಡಿ ಕೆರೆಯೂ ಸೇರಿದಂತೆ ಉತ್ತರ ಕರ್ನಾಟಕದ ಜಲಾಶಯಗಳಲ್ಲಿ ಬೀಡುಬಿಡುತ್ತವೆ. ಟಿಬೆಟ್ ಮತ್ತು ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ ಅವು ಮರಿ ಮಾಡುತ್ತವೆ. ಕವಿಗಳ ಮಾನಸ ಸರೋವರ ಇರುವುದೂ ಆ ಟಿಬೆಟ್ಟಿನಲ್ಲಿಯೇ. ಬೇಸಿಗೆ ಕಾಲಿಡುತ್ತಲೇ ಅವು ಮರಳುತ್ತವೆ. ಹಕ್ಕಿಗೆ ಹೋಗುವ ಊರೂ ತನ್ನದೇ, ಬರುವ ಊರೂ ತನ್ನದೇ. ಮನುಷ್ಯನಿಗೆ ಮಾತ್ರ ಆ ಭಾಗ್ಯ ಸುಲಭವಾಗಿ ದಕ್ಕದು.

ಹಾಡಿಗೆ ಆ ಭಾಗ್ಯವಿದೆ. ಕಾಳಿ ನದಿಯ ಬೆಳದಿಂಗಳು, ಮೈಸೂರಿನ ಭಜನೆ, ಶಿಲಾಯಿದಹದ ಅಂಚೆಪೇದೆಯ ಧಾಟಿ, ಝೇಲಂ ಮೇಲಿನ ರೆಕ್ಕೆಯ ಸದ್ದು ಇವೆಲ್ಲ ಒಬ್ಬ ಮನುಷ್ಯನ ಬದುಕಿನಲ್ಲಿ ಕೂಡಿದವು. ಅಲ್ಲಿಂದ ಹೊರಟ ಹಾಡು ಗಡಿಯ ಎರಡೂ ಬದಿಯಲ್ಲಿ ಜನರ ಕಂಠವನ್ನು ಸೇರಿತು. ಸಿಂಧನೂರಿನ ಶ್ರಮಿಕರ ಮಗುವೂ, ಮಸ್ಕಿಯ ವರ್ತಕರ ಮಗುವೂ, ಲಿಂಗಸುಗೂರಿನ ರೈತರ ಮಗುವೂ, ಬಂಗಾಲಿ ಕ್ಯಾಂಪಿನ ಮಗುವೂ ಮುಂಜಾನೆ ಅದನ್ನೇ ಹಾಡುತ್ತಾರೆ. ಅಷ್ಟು ಹೊತ್ತು ಯಾರದು ಹಳೆಯ ಊರು, ಯಾರದು ಹೊಸದು ಎಂಬ ಪ್ರಶ್ನೆ ಏಳುವುದಿಲ್ಲ.